ಬಲ್ಲವರ ಕೈ ಬೆನ್ನ ಹಿಂದೆ

ಬೆಳಗಿನ ಆರೂವರೆ. ಹಳೇ ಹುಬ್ಬಳ್ಳಿಯ ಈ ಸರ್ಕಾರಿ ಹೈಸ್ಕೂಲಿನ ಅಂಗಳದಲ್ಲಿ ಇನ್ನೂ ಕಸ ಗುಡಿಸಿಲ್ಲ. ಮೂಲೆಯ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಕಂಪ್ಯೂಟರುಗಳ ಮೇಲೆ ಹೊದಿಸಿದ್ದ ಹಳೆಯ ಸೀರೆಯ ತುಂಡುಗಳನ್ನು ನಜ್ಮಾ ಟೀಚರ್ ಮಡಚಿ ಇಡುತ್ತಿದ್ದಾರೆ. ಆಮೇಲೆ ಒಂದೊಂದೇ ಮೌಸನ್ನು ಬೋರಲು ಹಾಕಿ, ಅದರ ಹೊಟ್ಟೆಯೊಳಗಿನ ಗುಂಡು ತೆಗೆದು, ಮೆತ್ತಿಕೊಂಡ ಜಿಡ್ಡನ್ನು ಒರೆಸುತ್ತಾರೆ. ಒಂದರಲ್ಲಿ ಗುಂಡೇ ಇಲ್ಲ.

"ಗೋಲಿ ಆಡಾಕ ಒಯ್ದಾರ್ರಿ," ಎಂದು ನನ್ನತ್ತ ನೋಡಿ ನಗುತ್ತಾರೆ. "ಮಧ್ಯಾಹ್ನದೊಳಗ ವಾಪಸ್ ಬರ್ತೈತಿ. ಯಾರು ಒಯ್ದಾರಂತ ನಾ ಕೇಳೂದಿಲ್ಲ. ಕೇಳಿದ್ರ ಬರೂದಿಲ್ಲ."

ಅಷ್ಟರಲ್ಲಿ ಮಕ್ಕಳು ಬರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಒಂದು ಯಂತ್ರಕ್ಕೆ ನಾಲ್ವರಂತೆ ಕೂಡುತ್ತಾರೆ. ಮರುಕ್ಷಣ ವಿಚಿತ್ರವೊಂದು ನಡೆಯುತ್ತದೆ. ಪ್ರತಿ ಗುಂಪಿನಲ್ಲಿ ಮೂವರು ಎದ್ದು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾರೆ. ಆ ದಿನದ ಪಾಠ ಯಾರಿಗೆ ಎಲ್ಲರಿಗಿಂತ ಕಡಿಮೆ ಬರುತ್ತದೋ ಅವರು ಕುರ್ಚಿಯ ಮೇಲೆ. ಬಲ್ಲವರು ಬಾಯಲ್ಲಿ ಹೇಳಬೇಕು, ಕೈ ತರುವಂತಿಲ್ಲ. ಈ ಕೋಣೆಯ ಕಾಯಿದೆ ಇದೊಂದೇ.

ಕಾಯಿದೆ ಹುಟ್ಟಿದ್ದಕ್ಕೆ ಕಾರಣವುಂಟು. ನಜ್ಮಾ ಅವರ ತಂದೆ ಗುಲಾಬಸಾಬ ತಗಡಿನ ಟ್ರಂಕು ಮಾಡುತ್ತಿದ್ದವರು. ತೊಂಬತ್ತಾರರಲ್ಲಿ ಮಗಳನ್ನು ಹಟ ಹಿಡಿದು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದರು. ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಅದರ ಮುಂದೆ ಯಾವಾಗಲೂ ಹುಡುಗರು. "ನಾ ಅವರ ಹೆಗಲ ಮ್ಯಾಲಿಂದ ಇಣಿಕಿ ನೋಡಿ ಕೋರ್ಸ್ ಮುಗಿಸಿದ್ನಿರಿ. ಸರ್ಟಿಫಿಕೇಟ್ ಬಂತು, ಕಂಪ್ಯೂಟರ್ ಬರ್ಲಿಲ್ಲ." ಕೈಗೆ ವಿದ್ಯೆ ಹತ್ತಿದ್ದು ಆಮೇಲೆ, ದುರ್ಗದಬೈಲಿನ ಒಂದು ಡಿಟಿಪಿ ಅಂಗಡಿಯಲ್ಲಿ. ಲಗ್ನಪತ್ರಿಕೆಗಳನ್ನು ಟೈಪ್ ಮಾಡುತ್ತ ಕಲಿತರು.

ಎರಡು ವರ್ಷದ ಹಿಂದೆ, ಅಂದರೆ ೨೦೦೫ರಲ್ಲಿ, ಶಾಲೆಗೆ ಕಂಪ್ಯೂಟರುಗಳು ಬಂದವು. ಪಾಠದ ಗುತ್ತಿಗೆ ಹಿಡಿದ ಕಂಪನಿಯ ಕಡೆಯಿಂದ ನಜ್ಮಾ ಶಿಕ್ಷಕಿಯಾಗಿ ಬಂದರು. ವೇಳಾಪಟ್ಟಿಯಲ್ಲಿ ಕಂಪ್ಯೂಟರ್ ಪಾಠ ಮಧ್ಯಾಹ್ನಕ್ಕಿತ್ತು. ಮಧ್ಯಾಹ್ನ ಕರೆಂಟು ಇರುತ್ತಿರಲಿಲ್ಲ. ಕೆಲವು ತಿಂಗಳು ಕರಿಹಲಗೆಯ ಮೇಲೆ ಕೀಬೋರ್ಡಿನ ಚಿತ್ರ ಬರೆದು ಪಾಠ ನಡೆಯಿತು. ಕೊನೆಗೆ ನಜ್ಮಾ ಹೆಡ್‌ಮಾಸ್ತರ ಶಾಂತಯ್ಯನವರ ಮುಂದೆ ನಿಂತು, ಬೆಳಿಗ್ಗೆ ಕರೆಂಟು ಇದ್ದಾಗಲೇ ಕೋಣೆ ತೆರೆಯುತ್ತೇನೆ ಎಂದರು.

"ಏನರ ಕಳುವಾದ್ರ ಯಾರು ಜವಾಬ್ದಾರಿ?" ಎಂದು ಶಾಂತಯ್ಯ ಕೇಳಿದರು.

"ನಾನ ರೀ."

ಹೀಗೆ ಬೆಳಗಿನ ಕ್ಲಾಸು ಶುರುವಾಯಿತು. ಆದರೆ ಕೆಲವು ಹುಡುಗಿಯರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಒಂಬತ್ತನೆಯ ತರಗತಿಯ ಕಾವೇರಿಯಂತೂ ಬೇಕಾದಾಗಲೇ ಮಾಯ. ಶಿಸ್ತಿಲ್ಲದವರ ಹೆಸರು ತೆಗೆದುಹಾಕಿ, ನಿಯಮಿತವಾಗಿ ಬರುವವರಿಗೆ ಕಲಿಸಿರಿ ಎಂದು ಶಾಂತಯ್ಯ ಹೇಳಿದರು. ಹೆಸರು ತೆಗೆಯುವ ಮೊದಲು ಒಂದು ಸಲ ಕಂಡು ಬರೋಣವೆಂದು ನಜ್ಮಾ ಕಾವೇರಿಯ ಓಣಿಗೆ ಹೋದರು. ಹುಡುಗಿ ನಲ್ಲಿಯ ಪಾಳಿಯಲ್ಲಿ ಕೊಡಗಳ ನಡುವೆ ನಿಂತಿದ್ದಳು. ಅಂದು ಆ ಓಣಿಗೆ ನೀರು ಬಂದಿತ್ತು. ವಾರಕ್ಕೊಮ್ಮೆ ಬರುವ ನೀರು, ಬಿಟ್ಟರೆ ಮತ್ತೆ ವಾರ ಕಾಯಬೇಕು. ತಾಯಿ ಹುಲಿಗೆವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೊರಟು ನಿಂತಿದ್ದರು.

"ಅಕಿ ಸಾಲಿಗಿ ಬಂದ್ರ ನೀರು ಯಾರು ಹಿಡೀಬೇಕ್ರಿ ಅಕ್ಕಾರ?" ಎಂದರು ಹುಲಿಗೆವ್ವ. ಅದು ಜಗಳದ ಮಾತಲ್ಲ, ನಿಜಕ್ಕೂ ಕೇಳಿದ ಪ್ರಶ್ನೆ.

ನಜ್ಮಾ ಹೆಸರು ತೆಗೆಯುವ ಮಾತೆತ್ತದೆ ಹಿಂದಿರುಗಿದರು. ತಾವೂ ಇದೇ ಊರಿನ ನಲ್ಲಿಗಳ ಮುಂದೆ ಬೆಳೆದವರು. ಆದರೆ ದಾರಿಯಲ್ಲಿ ಒಂದು ಸಂಗತಿ ಹೊಳೆಯಿತು: ಎಲ್ಲ ಓಣಿಗಳಿಗೂ ನೀರು ಒಂದೇ ದಿನ ಬರುವುದಿಲ್ಲ. ಮರುದಿನದಿಂದ ಮಕ್ಕಳನ್ನು ಓಣಿಯ ಲೆಕ್ಕದಲ್ಲಿ ಕೂರಿಸಿದರು. ಯಾವ ಓಣಿಗೆ ಇಂದು ನೀರೋ ಆ ಮಕ್ಕಳಿಗೆ ಇಂದು ರಜೆ, ನಾಳೆ ಎರಡು ಪಾಳಿ.

ತಕರಾರು ಬರದೆ ಇರಲಿಲ್ಲ. ಎಲ್ಲರಿಗಿಂತ ಚುರುಕಾಗಿದ್ದ ಹನಮೇಶನ ತಂದೆ ಶಾಲೆಗೇ ಬಂದು, "ನಮ್ಮ ಹುಡುಗ ದಿನಾ ಬರ್ತಾನ. ಮುಂದ ಹೋಗವನ್ನ ಯಾಕ ಹಿಂದ ಜಗ್ತೀರಿ?" ಎಂದರು. ಆ ಮಾತು ತಮ್ಮನ್ನು ಚುಚ್ಚಿತೆಂದು ನಜ್ಮಾ ಒಪ್ಪುತ್ತಾರೆ. "ಅವರು ಹೇಳಿದ್ದು ಪೂರಾ ಸುಳ್ಳ ಅಲ್ರಿ. ಹುಡುಗನ ಹಾದಿ ಕಟ್ಟಬಾರ್ದು. ಅದಕ್ಕ ಅವಗ ಹೇಳಿಕೊಡೂ ಕೆಲಸ ಕೊಟ್ನಿ." ಇದು ಹೇಗನಿಸುತ್ತದೆಂದು ಹನಮೇಶನನ್ನೇ ಕೇಳಿದೆ. ಅವನು ಬೆನ್ನ ಹಿಂದಿನ ಕೈ ಬಿಡಿಸದೆ ಹೇಳಿದ: "ಕೈಲೆ ಮಾಡೂದು ಹಗುರರಿ. ಬಾಯ್ಲೆ ಹೇಳೂದು ಭಾಳ ತ್ರಾಸ. ನಮಗ ಖರೇ ತಿಳದಿರಬೇಕಾಗ್ತೈತಿ."

ಹೋದ ಮಾರ್ಚಿನಲ್ಲಿ ಕಂಪನಿಯ ಅಧಿಕಾರಿ ತಪಾಸಣೆಗೆ ಬಂದರು. ಹನಮೇಶನನ್ನು ಮುಂದೆ ಕೂರಿಸಿ ಎಂದು ಶಾಂತಯ್ಯ ಮೆಲ್ಲಗೆ ಹೇಳಿದರು. ಅಂದಿನ ಪಾಳಿ ಕಾವೇರಿಯದು. ನಜ್ಮಾ ಅವಳನ್ನು ಎಬ್ಬಿಸಲಿಲ್ಲ. ಶಾಲೆಯ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡು ಎಂದರು ಅಧಿಕಾರಿ. ಹುಡುಗಿ ಕೀಬೋರ್ಡಿನ ಮೇಲೆ ಮೊದಲ ಅಕ್ಷರ ಹುಡುಕಿದಳು. ಹನಮೇಶ ಹಿಂದಿನಿಂದ ಒಂದೊಂದೇ ಅಕ್ಷರ ಹೇಳಿಕೊಟ್ಟ. ಹೆಸರು ಪೂರ್ತಿಯಾಯಿತು, ತಪ್ಪಿಲ್ಲದೆ. ಆದರೆ ಅಷ್ಟರಲ್ಲಿ ಅಧಿಕಾರಿ ಗಡಿಯಾರ ನೋಡಿ ಹೊರಗೆ ನಡೆದಿದ್ದರು. ಕಲಿಕೆ ನಿಧಾನ ಎಂದು ವರದಿ ಹೋಯಿತು. ಜೂನಿನಲ್ಲಿ ಕಂಪನಿ ನಜ್ಮಾ ಅವರನ್ನು ಮತ್ತೆ ಕರೆಯಲಿಲ್ಲ, ಅವರ ಜಾಗಕ್ಕೆ ಬೇರೆ ಯಾರನ್ನೂ ಕಳಿಸಲಿಲ್ಲ.

"ಸಿಟ್ಟು ಬರ್ಲಿಲ್ಲೇನ್ರಿ?" ಎಂದೆ.

"ಅಳು ಬಂತ್ರಿ. ಹನಮೇಶನ್ನ ಕುಂದ್ರಸಿದ್ರ ನೌಕರಿ ಉಳೀತಿತ್ತು, ಅದು ಗೊತ್ತಿತ್ತು. ಆದ್ರ ಎಲ್ಲಾರ ಮುಂದ ಆ ಹುಡುಗಿನ್ನ ಎದ್ದೇಳು ಅಂತ ಹೆಂಗ ಅನ್ಲಿ?"

ಕೋಣೆಗೆ ಬೀಗ ಬಿತ್ತು. ಒಂದು ದಿನ ಹುಲಿಗೆವ್ವ ಖಾನಾವಳಿಯಿಂದ ನೇರವಾಗಿ, ಕೈಯ ಹಿಟ್ಟು ಕೂಡ ತೊಳೆಯದೆ, ಹೆಡ್‌ಮಾಸ್ತರ ಕೋಣೆಗೆ ನುಗ್ಗಿದರು. ಹಿಂದೆ ಓಣಿಯ ನಾಲ್ಕಾರು ಹೆಂಗಸರು. ಆ ದಿನವನ್ನು ಶಾಂತಯ್ಯನವರೇ ನೆನೆಯುತ್ತಾರೆ: "'ನಮ್ಮ ನೀರಿನ ಪಾಳಿ ನೋಡಿ ಸಾಲಿ ನಡಿಸಿದಾಕಿ ಅಕಿ ಒಬ್ಬಾಕೀನ. ಅಕಿನ್ನ ಯಾಕ ಬಿಡಿಸಿದ್ರಿ?' ಅಂದ್ಲು." ಶಾಂತಯ್ಯ ಶಾಲೆಯ ಸಮಿತಿಯ ಸಭೆ ಕರೆದರು. ಸಮಿತಿ ನಜ್ಮಾ ಅವರನ್ನು ಮರಳಿ ಕರೆಯಿತು. ಸಂಬಳ ಮೊದಲಿಗಿಂತ ಕಡಿಮೆ, ಆದ್ದರಿಂದ ಸಂಜೆ ಡಿಟಿಪಿ ಅಂಗಡಿಯ ಕೆಲಸ ಬಿಟ್ಟಿಲ್ಲ. ಸಮಿತಿಯ ಸಭೆಯಲ್ಲಿ ಅವರ ಪರವಾಗಿ ಮೊದಲು ಕೈ ಎತ್ತಿದವರು ಹನಮೇಶನ ತಂದೆ.

ಒಂಬತ್ತಕ್ಕೆ ಕರೆಂಟು ಹೋಗುತ್ತದೆ. ಮಕ್ಕಳು ಗುಂಪಾಗಿ ಹೊರಬೀಳುತ್ತಾರೆ. ಕಾವೇರಿ ಈಗ ಹತ್ತನೆಯ ತರಗತಿ. ಎಂಟನೆಯ ತರಗತಿಯ ಹುಡುಗನಿಗೆ ಏನನ್ನೋ ಹೇಳಿಕೊಡುತ್ತ, ಅವನಿಗೆ ತಿಳಿಯದ್ದಕ್ಕೆ ತಾನೇ ಸಿಡಿಮಿಡಿಗೊಳ್ಳುತ್ತ ಹೋಗುತ್ತಿದ್ದಾಳೆ. ಅವಳನ್ನೇ ನೋಡುತ್ತಿರುವ ನಜ್ಮಾ ಅವರನ್ನು, ಮುಂದೆ ಏನು ಆಸೆ ಎಂದು ಕೇಳುತ್ತೇನೆ. ಹೊಸ ಯಂತ್ರ, ಕಾಯಂ ನೌಕರಿ ಎನ್ನಬಹುದೆಂದು ನನ್ನ ಎಣಿಕೆ.

"ಈ ಮಕ್ಕಳ ಅವ್ವಗೋಳು ಒಂದ ಸಲ ಇಲ್ಲಿ ಬಂದು ಕುಂದ್ರಬೇಕ್ರಿ," ಎನ್ನುತ್ತಾರೆ ಅವರು. "ತಮ್ಮ ಹೆಸರು ತಾವ ಬಡದು ನೋಡಬೇಕು. ಆಯಿತವಾರ ಸಾಲಿ ಇರೂದಿಲ್ಲ, ಒಂದ ತಾಸು ಸಾಕು. ಹೆಡ್‌ಮಾಸ್ತರನ್ನ ಕೇಳೇನಿ. ಅವರು ಹೂಂ ಅಂದಿಲ್ಲ, ಉಹೂಂನೂ ಅಂದಿಲ್ಲ. ಹುಲಿಗೆವ್ವನ್ನ ಮಾತ್ರ ಒಪ್ಪಿಸೇನ್ರಿ. ಆಕಿ ಒಬ್ಬಾಕಿ ಬಂದ್ರ ಸಾಕು, ಇಡೀ ಓಣಿನ ಎದ್ದು ಬರ್ತೈತಿ."