ಸಣ್ಣ ಗ್ಯಾಲಕ್ಸಿಗಳ ಮೇಡಂ

ಮೊನ್ನೆ ಗೋಕಾಕದ ಝೆರಾಕ್ಸ್ ಅಂಗಡಿಯಲ್ಲಿ ಹಳೆಯ ಕಂಪ್ಯೂಟರೊಂದು ಕಾದು, ಸುಟ್ಟ ಧೂಳಿನ ವಾಸನೆ ಬಂತು. ನಮ್ಮ ಫಿಸಿಕ್ಸ್ ಮೇಡಂ ಕಣ್ಣೆದುರು ಬಂದು ನಿಂತರು…

ಹುಕ್ಕೇರಿಯ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಅವರು ಫಿಸಿಕ್ಸ್ ಕಲಿಸುತ್ತಿದ್ದರು. ಮಮದಾಪುರದ ಬೌದ್ಧ ಮನೆತನದವರು. ಅವರವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಓದಿಸಿದ್ದಳು. ಪಿಎಚ್‌ಡಿಗೆ ಅವರು ಹಿಡಿದದ್ದು ಗ್ಯಾಲಕ್ಸಿಗಳ ಹೊಂದಿಕೆ. ಕಂಪ್ಯೂಟರಿನೊಳಗೆ ಪುಟ್ಟದೊಂದು ಬ್ರಹ್ಮಾಂಡ ಕಟ್ಟಿ, ಅದರಲ್ಲಿ ರೂಪುಗೊಳ್ಳುವ ಗ್ಯಾಲಕ್ಸಿಗಳು ನೆರೆಯವುಗಳತ್ತ ವಾಲುತ್ತವೆಯೋ, ಮನಬಂದತ್ತ ತಿರುಗಿರುತ್ತವೆಯೋ ಎಂದು ನೋಡುವುದು.

"ದೊಡ್ಡವು ವಾಲೂದು ಗೊತ್ತೈತ್ರಿ, ಅಕ್ಕಾರ. ಸಣ್ಣವು ಏನ್ ಮಾಡ್ತಾವ ನೋಡಬೇಕು," ಎನ್ನುವಾಗ ಅವರ ಮುಖ ಅರಳುತ್ತಿತ್ತು.

ವಿಭಾಗದ ಮುಖ್ಯಸ್ಥರಿಗೆ ಅದು ಸೇರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ, "ನಿಮಗ ಒಂದ್ ವರಾ ಹೊಂದವಲ್ದು, ಗ್ಯಾಲಕ್ಸಿ ಹೊಂದಸಾಕ ಹೊಂಟೀರಿ!" ಎಂದು ನಗುತ್ತಿದ್ದರು. ಮೇಡಂ ಚಹಾದ ಕಪ್ಪು ತೊಳೆದಿಟ್ಟು ಪಾಠಕ್ಕೆ ಹೋಗುತ್ತಿದ್ದರು.

ಲ್ಯಾಬಿನ ಮೂಲೆಯ ಕಂಪ್ಯೂಟರಿನಲ್ಲಿ ಆ ಬ್ರಹ್ಮಾಂಡ ತಿಂಗಳುಗಟ್ಟಲೆ ಓಡಿತು; ಲ್ಯಾಬಿಗೆಲ್ಲ ಅದೇ ಸುಟ್ಟ ಧೂಳಿನ ವಾಸನೆ. ಇನ್ನೇನು ಮುಗಿಯಬೇಕು, ಅವರವ್ವ ತೀರಿಕೊಂಡಳು. ಮಣ್ಣು ಮಾಡಿ ಮರಳಿ ಬಂದರೆ ಕಂಪ್ಯೂಟರ್ ಖಾಲಿ. ಮೇಡಂ ಮುಖ್ಯಸ್ಥರನ್ನು ಕೇಳಿದರು.

"ಅದರಾಗಿಂದು ಏನಾತ್ರಿ, ಸರ?"

"ಅಳಿಸೇನಿ. ಹುಡುಗರ ಪರೀಕ್ಷಾಕ್ಕ ಬೇಕಾಗಿತ್ತು."

ಪರೀಕ್ಷೆ ಇನ್ನೂ ದೂರವಿತ್ತು. ಬಾಜೂದ ಕಂಪ್ಯೂಟರುಗಳು ಸುಮ್ಮನೆ ಕೂತಿದ್ದವು. ಪ್ರಬಂಧ ಕೊಡುವ ಗಡುವು ಹತ್ತಿರವಾಗಿತ್ತು. ಅದನ್ನು ಮುಂದೂಡಲು ಮೇಡಂ ಮುಖ್ಯಸ್ಥರ ಸಹಿ ಕೇಳಿದರು.

"ನೌಕರಿಗೂ ರಿಯಾಯಿತಿ, ಇದಕ್ಕೂ ರಿಯಾಯಿತಿ ಏನ್ರಿ?" ಎಂದು ಅವರು ಪೆನ್ನು ಕಿಸೆಗೆ ಸಿಕ್ಕಿಸಿಕೊಂಡರು. ನಾನು ಪ್ರಾಚಾರ್ಯರ ತನಕ ಹೋಗಿ ಜಗಳ ತೆಗೆದೆ. ಏನೂ ಆಗಲಿಲ್ಲ.

ಗಡುವು ಮುಗಿಯಿತು. ಮೇಡಂ ಮನೆಯಲ್ಲಿ ಮೊದಲಿನಿಂದ ಶುರು ಮಾಡಿದರು. "ಪದವಿ ಹೋದ್ರ ಹೋಗಲ್ರಿ, ಉತ್ತರ ಬೇಕು ನನಗ," ಎಂದರು. ಆ ಮಳೆಗಾಲದಲ್ಲಿ ಜ್ವರ ಮೆದುಳಿಗೇರಿತು… ಉತ್ತರ ನೋಡಲು ಅವರು ಉಳಿಯಲಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ಆ ಮುಖ್ಯಸ್ಥರೇ ಮೊದಲು ಮಾತಾಡಿದರು. ಕಣ್ಣೊರೆಸಿಕೊಂಡು, "ನನ್ನ ಮಗಳಿದ್ದಂಗ ಇದ್ಲು. ಅಕಿ ಸಂಶೋಧನಾಕ್ಕ ನಾನ ಬೆನ್ನಿಗೆ ನಿಂತಿದ್ದೆ," ಎಂದರು.

ಮುಂದಿನ ಸಾಲಿನಲ್ಲಿದ್ದ ಮೇಡಂ ಅಣ್ಣ ಎದ್ದು ನಿಂತ. "ಸಾಕ್ ಮಾಡ್ರಿ," ಎಂದವನೇ ಮೇಜಿನ ಮೇಲಿದ್ದ ತಂಗಿಯ ಫೋಟೋದಿಂದ ಹಾರ ಕಿತ್ತಿಟ್ಟು, ಫೋಟೋ ಎದೆಗವಚಿಕೊಂಡು ಹೊರಗೆ ನಡೆದ. ಭಾಷಣ ಮುಂದುವರಿಯಿತು. ನಾನು ಅವನ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ಹೋದೆ.

ಆ ಮುಖ್ಯಸ್ಥರು ಈಗ ಪ್ರಾಚಾರ್ಯರು. ಕಳೆದ ವಾರ ಹುಡುಗಿಯೊಬ್ಬಳು ಗ್ಯಾಲಕ್ಸಿಗಳ ಬಗ್ಗೆ ಏನೋ ಕೇಳಲು ಫಿಸಿಕ್ಸ್ ವಿಭಾಗಕ್ಕೆ ಹೋಗಿ, ಬೈಸಿಕೊಂಡು ನನ್ನ ಬಳಿ ಬಂದಳು.

"ನಿಮಗರ ಗೊತ್ತೈತೇನ್ರಿ, ಮೇಡಂ?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರೊಬ್ಬರು ಇಲ್ಲೇ ಇದ್ದರು, ಅವರ ಕೆಲಸ ಮುಗಿಸಗೊಡಲಿಲ್ಲ ಎಂದೆ.