ರೊಟ್ಟಿ ನಾದುವವಳಿಗೊಂದು ಹೆಸರು

ಕುಷ್ಟಗಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವಳು ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ; ನಾನು ಅಕ್ಕ ಅನ್ನುತ್ತೇನೆ. ನಾನು ಬೇವೂರಿನ ಕಡೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಬೆಳಗಿನ ಬಸ್ಸಿಗೆ ಓಡುವವಳು ಎಂಬ ಒಂದೇ ನೆವದ ಮೇಲೆ, ಮದುವೆಯಾಗಿ ಬಂದಾಗಿನಿಂದ ಜೋಳದ ಹಿಟ್ಟಿಗೆ ಕೈ ಹಚ್ಚಿಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಾಗಿಲಲ್ಲೇ ಕೈಗೆ ಬರುತ್ತದೆ. ಇಸಿದುಕೊಂಡು ನಡೆದುಬಿಡುತ್ತೇನೆ.

ಈ ಸಲ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಹೊಸದರಲ್ಲಿ ಅಕ್ಕನ ಬಲಗೈ ಮಣಿಕಟ್ಟು ಬಾತುಕೊಂಡಿತು. ಕೊಪ್ಪಳದ ಡಾಕ್ಟರು ಪಟ್ಟಿ ಸುತ್ತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದಿದ್ದರೆ ಈ ಕೈ ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಜೊತೆಗೆ ಹೋದವಳು ನಾನೇ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆ ಕೊರೆದದ್ದು ಆಕೆಯ ಕೈಯಲ್ಲ, ನಾಳೆಯ ಬುತ್ತಿ. ರೊಟ್ಟಿ ಮಾರುವ ಮನೆ ನಮ್ಮ ಓಣಿಯಲ್ಲೇ ಇದೆ. ಆದರೆ ಇಬ್ಬರು ಸೊಸೆಯರಿರುವ ಮನೆಗೆ ಕೊಂಡ ರೊಟ್ಟಿ ಬಂದರೆ ಓಣಿಯೆಲ್ಲ ಆಡಿಕೊಳ್ಳುತ್ತದೆ, ಅತ್ತೆಯಂತೂ ಮುಟ್ಟುವುದಿಲ್ಲ. ಇನ್ನು ಒಲೆಯ ಮುಂದೆ ಕೂರಬೇಕಾದವಳು ನಾನು ಎಂದು ಹೊಳೆದಾಗ ತಪ್ಪಿಸಿಕೊಳ್ಳುವ ದಾರಿ ಹುಡುಕತೊಡಗಿದೆ. ಎಂಥ ನಾಚಿಕೆಗೇಡಿ ನಾನು!

ಸಂಜೆ ಅಕ್ಕ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಸಾಲಿ ಕಲಿಯದ ತನಗೆ ಬರುವುದು ಇದೊಂದೇ, ಇದೂ ಹೋದರೆ ಈ ಮನೆಯಲ್ಲಿ ತನ್ನದೇನು ಎಂದಳು. ಸಮಾಧಾನ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು, ಇಂಗ್ಲಿಷಿನ ಹಳೆಯ ಶಬ್ದಗಳ ಸಂಗತಿ ತೆಗೆದೆ. ಸಾವಿರ ವರ್ಷಗಳ ಹಿಂದೆ ಆ ಜನ ರೊಟ್ಟಿಗೆ ಹ್ಲಾಫ್ ಅನ್ನುತ್ತಿದ್ದರು. ರೊಟ್ಟಿ ಕಾಯುವ ಯಜಮಾನ ಹ್ಲಾಫ್‌ವೇರ್ಡ್. ಬಾಯಿಂದ ಬಾಯಿಗೆ ಸವೆದು ಅದು ಲಾರ್ಡ್ ಆಯಿತು. ಹಿಟ್ಟು ನಾದುವವಳು ಹ್ಲಾಫ್‌ಡಿಯೆ; ಆಕೆಯೇ ಲೇಡಿ. “ಮನಿ ಒಡತಿ ಅಂದ್ರ ರೊಟ್ಟಿ ಹಿಟ್ಟು ನಾದಾಕಿ ಅಂತನ ಅರ್ಥ ರೀ ಅಕ್ಕಾ,” ಎಂದೆ. ಆಕೆಯ ಮುಖ ಅರಳಿತು.

ಅದೇ ಬಳ್ಳಿಯ ಇನ್ನೊಂದು ಶಬ್ದವಿದೆ. ಹ್ಲಾಫ್‌ಎಟಾ, ರೊಟ್ಟಿ ತಿನ್ನುವವರು. ಮನೆಯ ಆಳಿಗೆ ಹಾಗನ್ನುತ್ತಿದ್ದರು. ಈ ಮನೆಯಲ್ಲಿ ಬಡಿಯದೆ ಬರೀ ತಿನ್ನುವವಳು ನಾನು; ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

ಮರುದಿನ ಎದ್ದಾಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿದ್ದಳು. ನೀರಿಗೆ ಬಂದ ಹೆಂಗಸರ ಮುಂದೆ ತಾನು ಲೇಡಿ ಎಂದು ಹೇಳಿಕೊಂಡು ನಗುತ್ತಿದ್ದಳಂತೆ. ಡಾಕ್ಟರು ಅಂದದ್ದನ್ನು ಅಕ್ಕನನ್ನು ಬಿಟ್ಟರೆ ಕಿವಿಯಾರೆ ಕೇಳಿದವಳು ಮನೆಯಲ್ಲಿ ನಾನೊಬ್ಬಳೇ. ಬಿಡ್ರಿ ಅಕ್ಕಾ ಅನ್ನುವುದಕ್ಕೆ ನನ್ನ ಬಾಯಿಗೇನು ಬೀಗ ಬಿದ್ದಿತ್ತೋ! ಬುತ್ತಿ ಇಸಿದುಕೊಂಡೆ, ಬಸ್ಸು ಹತ್ತಿದೆ. ಮಳೆಗಾಲ ಮುಗಿಯುವವರೆಗೂ ಹಾಗೇ ನಡೆಸಿದೆ.

ಮೊನ್ನೆ ಭಾನುವಾರ ನನ್ನ ಮಗಳು ಎಂದಿನಂತೆ ದೊಡ್ಡಮ್ಮನ ಮುಂದೆ ಜಡೆ ಹಾಕಿಸಿಕೊಳ್ಳಲು ಕೂತಳು. ಅಕ್ಕ ಕೂದಲು ಹಿಡಿದಳು, ಬೆರಳು ಮಡಚಲಿಲ್ಲ. ಮತ್ತೆ ಹಿಡಿದಳು, ಮತ್ತೆ ಜಾರಿತು. ಕೊನೆಗೆ ಹುಡುಗಿಯ ತಲೆ ಸವರಿ, ನಿಮ್ಮವ್ವನ ಹತ್ತಿರ ಹೋಗು ಎಂದು ನನ್ನ ಕಡೆ ಕಳಿಸಿದಳು.

ನನಗೆ ತಡೆಯಲಾಗಲಿಲ್ಲ. ಆಕೆಯ ಪಕ್ಕ ಕೂತು ಎಲ್ಲ ಹೇಳಿದೆ. ತಿನ್ನುವವರಿಗಿದ್ದ ಹೆಸರನ್ನೂ ಹೇಳಿದೆ, ಮುಚ್ಚಿಟ್ಟದ್ದು ಯಾಕೆ ಎಂಬುದನ್ನೂ. ಬೈಯಲಿ ಎಂದು ಕಾದೆ. ಅಕ್ಕ ಬೈಯಲಿಲ್ಲ. ಈಗಿನ ಲೇಡಿಯೂ ರೊಟ್ಟಿ ಬಡಿಯುತ್ತಾಳೇನು ಎಂದು ಕೇಳಿದಳು. ಇಲ್ಲ, ಈಗ ಹಿಟ್ಟು ಮುಟ್ಟದವಳಿಗೇ ಆ ಹೆಸರು ಎಂದೆ.

ಆಕೆ ಬಾತ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

“ಹಂಗಾದ್ರ ಆ ಲೇಡಿಗೆ ಯಾರರ ಒಬ್ಬರು, ಬಡಿಯೂದು ಸಾಕು ಬಿಡವ್ವಾ, ಅಂದಿರಬೇಕು,” ಎಂದಳು. “ನನಗ ಯಾರೂ ಅನ್ನಲಿಲ್ಲ ನೋಡು.”