ಆಂಟಿ ತೊಳೆಯುತ್ತಿದ್ದ ಲೋಟಗಳು

ಹಳೆಯ ಪೇಪರಿನಲ್ಲಿ ಸುತ್ತಿದ ಸ್ಟೀಲ್ ಲೋಟವೊಂದು ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿಗೆ ಬಂತು. ತಂದವರು ಆಂಟಿಯ ಮಗಳು. "ಅಮ್ಮ ಹೋದ್ಮೇಲೆ ಮನೆ ಖಾಲಿ ಮಾಡ್ತಿದೀವಿ ಅಣ್ಣ. ಇದ್ರ ಮೇಲೆ ನಿಮ್ ಹೆಸ್ರಿತ್ತು, ಕೊಟ್ಬಿಡೋಣ ಅಂತ ಬಂದೆ" ಎಂದರು. ಆಂಟಿಯ ಮಣ್ಣಿಗೆ ನಾನೂ ಹೋಗಿದ್ದೆ. ಆದರೆ ಲೋಟ ಕೈಗೆ ಬಂದಾಗ ಆದ ಸಂಕಟ ಅವತ್ತು ಆಗಿರಲಿಲ್ಲ.

ಆ ದಿನ ಮೊದಲೇ ಸಾಕುಸಾಕಾಗಿತ್ತು. ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ನೋಡುವವನು. ಬ್ರೇಕಿಗೆ ಹಾಕುವ ಪಿನ್ನುಗಳ ಒಂದು ಲಾಟ್ ಅಳತೆಗೆ ಸರಿಬರುತ್ತಿರಲಿಲ್ಲ. "ಎಲ್ರೂ ಬಿಡ್ತಾರೆ ಗುರು, ನೀನೊಬ್ನೇ ಯಾಕೆ ತಲೆ ಕೆಡಿಸ್ಕೋತೀಯಾ? ನಾಳೆ ಸೈನ್ ಹಾಕ್ಬಿಡು" ಎಂದಿದ್ದರು ಮ್ಯಾನೇಜರು. ವರ್ಷಗಟ್ಟಲೆ ಇದೇ ಜಗಳ. ಈ ಸಲ ಹಾಕಿಬಿಡೋಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ನಾನು ಬೀದರಿನಿಂದ ಬಂದು ಇಂಜಿನಿಯರಿಂಗ್ ಸೇರಿದ ಕಾಲೇಜಿನ ಹತ್ತಿರ, ಚಿಕ್ಕಬಾಣಾವರದ ಸ್ಟೇಷನ್ನಿನ ಆಚೆ, ನಾವೆಲ್ಲ ಆಂಟಿ ಎನ್ನುತ್ತಿದ್ದವರ ಮನೆಯಿತ್ತು. ಶನಿವಾರ ಸಂಜೆ ಕಾಲೇಜು ಹುಡುಗರು, ಹುಡುಗಿಯರನ್ನು ಕೂಡಿಸಿ ಬೈಬಲ್ ಓದಿಸುತ್ತಿದ್ದರು. ಬರೀ ಚಿತ್ರಾನ್ನಕ್ಕೆಂದು ಬರುವವರೂ ಇದ್ದರು. ಅವರನ್ನು ಆಂಟಿ ಏನೂ ಕೇಳುತ್ತಿರಲಿಲ್ಲ, ಇನ್ನೊಂದು ಸೌಟು ಬಡಿಸುತ್ತಿದ್ದರು.

ಓದು ಮುಗಿಸಿ ಹೋಗುವವರು ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿದ ಒಂದು ಲೋಟವನ್ನು ಅಲ್ಲಿ ಬಿಟ್ಟು ಹೋಗಬೇಕು, ಅದು ಆ ಮನೆಯ ಪದ್ಧತಿ. ಹೊಸಬರು ಮುಖ ಕಾಣದವರ ಹೆಸರಿನ ಲೋಟದಲ್ಲಿ ಟೀ ಕುಡಿಯುತ್ತಿದ್ದೆವು. ಎಲ್ಲ ಮುಗಿದ ಮೇಲೆ ಆಂಟಿ ನಲ್ಲಿಯ ಮುಂದೆ ಕೂತು ಒಂದೊಂದೇ ಲೋಟ ತೊಳೆದು, ತಿರುಗಿಸಿ ಹೆಸರು ಓದಿ, ತುಟಿ ಅಲ್ಲಾಡಿಸಿ, ಕವುಚಿ ಹಾಕುತ್ತಿದ್ದರು. ಅದು ಆ ಹೆಸರಿನವರಿಗಾಗಿ ಅವರ ಪ್ರಾರ್ಥನೆ. ತೊಳೆದು ಕೊಡುತ್ತೇನೆಂದರೆ ಬಿಡುತ್ತಿರಲಿಲ್ಲ...

ಮೂರನೇ ವರ್ಷದಲ್ಲಿ ಒಂದು ಶನಿವಾರ ಎಲ್ಲರೆದುರು ಹೇಳಿಬಿಟ್ಟೆ. "ದೇವ್ರು ಸೇವಾಕ್ಕ ಕರಿಲತ್ತಾನ್ರಿ ಆಂಟಿ. ಕಾಲೇಜ್ ಬಿಟ್ಟು ಪಾಸ್ಟರ್ ಆಗ್ತೀನ್ರಿ."

"ಎಷ್ಟು ಸಬ್ಜೆಕ್ಟ್ ಬಾಕಿ ಇದೆ?"

"ನಾಕ್ ಅವ್ರಿ."

"ಕರೆದವ್ನು ಮಾರ್ಕ್ಸ್ ಕಾರ್ಡೂ ನೋಡಿರ್ತಾನೆ ಕಣಪ್ಪ. ಮೊದ್ಲು ಪಾಸ್ ಮಾಡು."

ಹಾಲ್ ತುಂಬ ನಗು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ನಲ್ಲಿಯ ಹತ್ತಿರ ಕರೆದು, ಕೈಗೆ ಒರೆಸುವ ಬಟ್ಟೆ ಕೊಟ್ಟು, ಮೆಲ್ಲಗೆ ಹೇಳಿದರು: "ನಿಮ್ಮನ್ನ ಇಲ್ಲೇ ಇಟ್ಕೊಳ್ಳೋಕಲ್ಲ ನಾನ್ ಸೇರ್ಸೋದು, ಕಳ್ಸೋಕೆ. ಚರ್ಚಲ್ಲಿ ಪ್ರಸಂಗ ಮಾಡೋಕೆ ಬೇಕಾದಷ್ಟು ಜನ ಇದಾರೆ. ಫ್ಯಾಕ್ಟ್ರೀಲಿ ಕೆಟ್ಟದ್ದನ್ನ ಕೆಟ್ಟದ್ದು ಅನ್ನೋನು ಒಬ್ಬ ಬೇಕು."

ಬಿದ್ದು ಎದ್ದು ಪಾಸಾದೆ. ಲೋಟ ಬಿಟ್ಟು ಬಂದೆ. ಪ್ರತಿವರ್ಷ ಪರೀಕ್ಷೆ ಮುಗಿದರೆ ಆ ಹಾಲ್ ಹೀಗೇ ಖಾಲಿಯಾಗುತ್ತಿತ್ತು. "ಸಾಕಾಯ್ತಪ್ಪ, ನಿಲ್ಲಿಸ್ಬಿಡ್ಲಾ?" ಎಂದು ನಾನಿನ್ನೂ ಓದುತ್ತಿದ್ದಾಗ ಒಮ್ಮೆ ನನ್ನನ್ನೇ ಕೇಳಿದ್ದರು. ಆದರೆ ಮುಂದಿನ ಶನಿವಾರ ಹೋದರೆ ಒಲೆಯ ಮೇಲೆ ಚಿತ್ರಾನ್ನದ ಒಗ್ಗರಣೆ...

ಲೋಟ ಬಂದ ಮರುದಿನ ಆ ಲಾಟಿಗೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸಿದೆ. ಧೈರ್ಯವೆಂದೇನಲ್ಲ. ಇಷ್ಟು ವರ್ಷ ಒಬ್ಬರು ನನ್ನ ಹೆಸರು ಹಿಡಿದು ಬೇಡಿಕೊಂಡು ನನ್ನನ್ನು ನಿಲ್ಲಿಸಿದ್ದರು, ನಿಂತು ಅಭ್ಯಾಸವಾಗಿತ್ತು. ಮ್ಯಾನೇಜರು ಮುಖ ತಿರುಗಿಸಿಕೊಂಡು ಹೋದರು. ನಾಳೆ ಇನ್ನೊಂದು ಲಾಟ್ ಬರುತ್ತದೆ, ಇನ್ನೊಂದು ಜಗಳ.

ಸಂಜೆ ಮನೆಯಲ್ಲಿ ಆ ಲೋಟದಲ್ಲೇ ಟೀ ಕುಡಿದು, ತೊಳೆದೆ. ಉಜ್ಜಿ ಉಜ್ಜಿ ಅಕ್ಷರಗಳು ಸವೆದಿದ್ದವು. ಬೆಳಕಿಗೆ ಹಿಡಿದು ನನ್ನ ಹೆಸರು ಓದಿದೆ. ಅದನ್ನು ಓದಿ ತುಟಿ ಅಲ್ಲಾಡಿಸಲು ಇನ್ನು ಯಾರೂ ಇಲ್ಲ. ನನಗಾಗಿ ನಾನೇ ಏನು ಬೇಡಿಕೊಳ್ಳಲಿ? ಕವುಚಿ ಹಾಕಿದೆ.